ಮಗಳಿಗೊಂದು ಪತ್ರ: ದೊಡ್ಡಮರ ಬಿದ್ದಿದ್ದಲ್ಲ

ಪ್ರೀತಿಯ ಪುಟ್ಟಿ,

ಭಾನುವಾರದಿಂದ ನಾಲ್ಕು ಸಲ ಫೋನ್ ಮಾಡಿದ್ದೀಯ. ನಾಲ್ಕು ಸಲವೂ ನಾನು ಸಿಗ್ನಲ್ ಸರಿ ಇಲ್ಲ ಅಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ನನಗೆ ಮಾತು ಬರಲಿಲ್ಲ, ಅಷ್ಟೇ. ಅದಕ್ಕೇ ಈ ಕಾಗದ. ಇದರಲ್ಲಿ ನೀನು ಮಧ್ಯೆ ಬಾಯಿ ಹಾಕೋಕೆ ಆಗಲ್ಲ ಅನ್ನೋದೂ ಒಂದು ಅನುಕೂಲ.

ಶನಿವಾರ ರಾತ್ರಿ ನಿನ್ನ ಮೇಲೆ ರೇಗಿದ್ದು ತಪ್ಪು. "ಸತ್ತವರ ವಿಷಯ ಕೆದಕೋಕೆ ಇಷ್ಟು ಜನರನ್ನ ಮಾಳಿಗೆ ಹತ್ತಿಸಬೇಕಿತ್ತಾ?" ಅಂದುಬಿಟ್ಟೆ. ನೀನು ಏನೂ ಅನ್ನದೆ ಪ್ಲಾಸ್ಟಿಕ್ ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸುತ್ತಾ ಇದ್ದೆ. ಆ ಟಕ್ ಟಕ್ ಸದ್ದು ಇನ್ನೂ ಕಿವಿಯಲ್ಲಿದೆ.

"ನಮ್ಮ ಬೀದಿ ಕಥೆ, ಬೀದಿಯವರ ಬಾಯಲ್ಲೇ ಕೇಳೋಣ" ಅಂತ ನೀನು ಹೇಳಿದಾಗ ನಾನು ನಕ್ಕಿದ್ದೆ. ಯಾರು ಬರ್ತಾರೆ, ಎಲ್ಲರ ಮನೆಯಲ್ಲೂ ಟಿವಿ ಇದೆ ಅಂದಿದ್ದೆ. ಆದರೆ ಕುರ್ಚಿ ಸಾಲದೆ ಜನ ಕಟ್ಟೆ ಮೇಲೆ ಕೂತರು. ಅವರನ್ನ ಕರೆತಂದಿದ್ದು ನೀನು ಮಾಳಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಮ್ಮ ಹಳೇ ಬೀದಿಯ ನಕ್ಷೆ ಅಂತ ನನ್ನ ಅನಿಸಿಕೆ. ಮಧ್ಯಾಹ್ನವೇ ಮಕ್ಕಳು ಅದನ್ನ ನೋಡಿಕೊಂಡು ಹೋಗಿ ಮನೆಮನೆಗೂ ಸುದ್ದಿ ಮುಟ್ಟಿಸಿದ್ದರು.

ಆ ಉಪಾಯ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಮ್ಮಿನದು ಅಂತ ನೀನು ಹೇಳಿದ ಮೇಲೆ ನಾನೂ ಕೂತು ಓದಿದೆ. 1966ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಆ ಇಡೀ ಪ್ರದೇಶ ಬಿಳಿಯರಿಗೆ ಮಾತ್ರ ಅಂತ ಸಾರಿತು. ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನ ಒಕ್ಕಲೆಬ್ಬಿಸಿ ಮನೆಗಳನ್ನ ನೆಲಸಮ ಮಾಡಿದರು. 1994ರಲ್ಲಿ ಹಳೆಯ ಚರ್ಚೊಂದರಲ್ಲಿ ಈ ಮ್ಯೂಸಿಯಂ ಶುರುವಾಯಿತು. ಅದರ ನೆಲದ ತುಂಬಾ ಇಲ್ಲದ ಬೀದಿಗಳ ನಕ್ಷೆ. ಅಲ್ಲಿದ್ದವರು ಬಂದು, ಬಗ್ಗಿ, ತಮ್ಮ ಮನೆ ಇದ್ದ ಜಾಗ ಹುಡುಕಿ ಹೆಸರು ಬರೆದರು. ಬೀದಿ ಹೆಸರಿನ ಹಳೆಯ ಹಲಗೆಗಳೂ ಅಲ್ಲಿ ತೂಗುತ್ತಿವೆ. ಅವನ್ನ ಎಸೆಯದೆ ಇಟ್ಟುಕೊಂಡಿದ್ದವನು ಯಾರು ಗೊತ್ತಾ? ಮನೆ ಕೆಡವುವ ಕೆಲಸದ ಉಸ್ತುವಾರಿ ನೋಡುತ್ತಿದ್ದ ಒಬ್ಬ ಮನುಷ್ಯ. ಅದನ್ನ ಓದಿದಾಗ ನನಗೆ ಸುಮ್ನೆ ಆಶ್ಚರ್ಯ ಆಗಿತ್ತು. ಈಗ ಬೇರೆ ಥರ ಅನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಮ್ಮದು ಅಂಥ ದೊಡ್ಡ ಅನ್ಯಾಯದ ಕಥೆ ಅಲ್ಲ. ನಮ್ಮನ್ನ ಯಾರೂ ಓಡಿಸಲಿಲ್ಲ. ಬಾಡಿಗೆ ಏರಿತು, ಮಕ್ಕಳು ದೂರ ಹೋದರು, ಮನೆಗಳು ಒಂದೊಂದಾಗಿ ಬಿಲ್ಡರ್ ಕೈಗೆ ಹೋದವು. ಆದರೂ ಆ ನಕ್ಷೆ ಕೆಲಸ ಮಾಡಿತು ನೋಡು. ಮಂಡಿನೋವು ಅಂತ ನಮ್ಮ ಮನೆ ಮೂರು ಮೆಟ್ಟಿಲು ಹತ್ತದ ಮನುಷ್ಯ ನೆಲಕ್ಕೆ ಕೂತು, "ನಲ್ಲಿ ಇಲ್ಲಿರಲಿಲ್ಲಮ್ಮ, ಇಲ್ಲಿತ್ತು" ಅಂತ ನೀನು ಬರೆದ ಗೆರೆಯನ್ನ ಅಂಗೈಯಲ್ಲಿ ಒರೆಸಿ ಬೇರೆ ಗೆರೆ ಎಳೆದರು. ನಲ್ಲಿ ಎಲ್ಲಿತ್ತು ಅಂತ ಬರೀ ಬಾಯಲ್ಲಿ ಕೇಳಿದ್ದರೆ "ಅಲ್ಲೇ ಎಲ್ಲೋ" ಅಂತಿದ್ದರು.

ಇನ್ನು ನನ್ನ ಕಥೆ. ದೊಡ್ಡಮರದ ಕಥೆ ನಿನಗೆ ಬಾಯಿಪಾಠ. ನನಗೆ ಏಳು ವರ್ಷ, ರಾತ್ರಿಯಿಡೀ ಬಿರುಗಾಳಿ, ಬೆಳಗ್ಗೆ ಎದ್ದರೆ ಬೀದಿ ತುದಿಯ ಮರ ಅಡ್ಡಡ್ಡ ಬಿದ್ದಿತ್ತು, ನಾವೆಲ್ಲ ಅದರ ಮೇಲೆ ಹತ್ತಿ ಕುಣಿದೆವು, ಮರದ ಪುಡಿ ಒದ್ದೆ ಕಾಲಿಗೆಲ್ಲ ಅಂಟಿತ್ತು. ಮರ ಹೋಗಿ ಅರ್ಧ ಶತಮಾನ ಆದರೂ ಬಸ್ಸಿನವರು ಇವತ್ತಿಗೂ "ದೊಡ್ಡಮರ, ಯಾರ್ರೀ ದೊಡ್ಡಮರ" ಅಂತಲೇ ಕೂಗುತ್ತಾರೆ. ಇದನ್ನೇ ಶನಿವಾರವೂ ಹೇಳಿದೆ. ಜನ ತಲೆದೂಗುತ್ತಿದ್ದರು. ನಾನೂ ಸ್ವಲ್ಪ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ಹಿಂದಿನ ಸಾಲಿನಿಂದ ಮೂಲೆಮನೆ ಅಜ್ಜಿ ಮಾತಾಡಿದರು. ಮೈಕ್ ಬೇಡ ಅಂದವರು ಅವರೊಬ್ಬರೇ. ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಾ ಕೂತಿದ್ದರು. ಕೈ ನಿಂತಿತು. "ಅದು ಬಿದ್ದಿದ್ದಲ್ಲ ಕಣೋ. ಕಡಿದಿದ್ದು. ರಸ್ತೆ ಅಗಲ ಮಾಡೋಕೆ. ನಿಮ್ಮಪ್ಪನೂ ರುಜು ಹಾಕಿದ್ರು."

ನಾಲ್ಕೇ ಮಾತು. ಯಾರೋ ಕೆಮ್ಮಿದರು. ನಾನು "ಇರಬಹುದು" ಅಂತ ನಕ್ಕು ನೀರು ಕುಡಿಯುವ ನೆಪದಲ್ಲಿ ಕೆಳಗೆ ಇಳಿದು ಬಂದೆ. ಮತ್ತೆ ಮೇಲೆ ಹತ್ತಲಿಲ್ಲ.

ನೀನು ಊರಿಗೆ ಹೋದ ಮೇಲೆ ಎರಡು ದಿನ ತಡೆದುಕೊಂಡೆ. ಮೂರನೇ ದಿನ ಅವರ ಮನೆಗೆ ಹೋದೆ. ಜಗಳ ಮಾಡೋಣ ಅಂತಲೇ ಹೋಗಿದ್ದು. ಅವರು ಬಾಗಿಲು ತೆಗೆದು "ಬಾ, ಇಷ್ಟು ದಿನ ಬೇಕಾಯ್ತಾ" ಅಂದರು.

ಅವರು ಹೇಳಿದ್ದು ಇಷ್ಟು. ಬಿರುಗಾಳಿ ಬಂದಿದ್ದು ನಿಜ. ಒಂದು ಕೊಂಬೆ ಮುರಿದು ಯಾರದೋ ಸೂರಿನ ಮೇಲೆ ಬಿತ್ತು. ಅದೇ ನೆಪವಾಯಿತು. ಮರ ಅಪಾಯ, ರಸ್ತೆಯೂ ಅಗಲ ಆಗಬೇಕು ಅಂತ ಒಂದು ಕಾಗದ ಮನೆಮನೆಗೆ ಬಂತು. ನಿನ್ನ ಅಜ್ಜ ಆ ಕಾಗದವನ್ನ ಎರಡು ದಿನ ಮನೆಯಲ್ಲಿಟ್ಟುಕೊಂಡು ಆಮೇಲೆ ಸಹಿ ಹಾಕಿದರಂತೆ. "ಎಲ್ಲರಿಗಿಂತ ಮೊದಲ ಸಹಿ ನಮ್ಮ ಯಜಮಾನರದ್ದೇ" ಅಂದರು ಅಜ್ಜಿ.

"ಇದನ್ನ ಶನಿವಾರ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ.

"ಹೇಳೋಣ ಅಂದ್ರೆ ನೀನು ಎದ್ದು ಹೋದೆಯಲ್ಲೋ."

ವಾಪಸ್ ಬರುವಾಗ ದಾರಿಯಲ್ಲಿ ನೆನಪಾಗಿದ್ದು ನೀನು. ಏಳೋ ಎಂಟೋ ವರ್ಷದವಳಿದ್ದಾಗ ಕೇಳಿದ್ದೆ: "ಗಾಳಿಗೆ ಬಿದ್ದರೆ ಪುಡಿ ಎಲ್ಲಿಂದ ಬಂತಪ್ಪಾ?" ಆಮೇಲೆ ಕೊಯ್ದು ಸಾಗಿಸಿದರಲ್ಲ, ಆಗ ಬಂತು ಅಂತ ಏನೋ ತೇಪೆ ಹಾಕಿದ್ದೆ. ಆದರೆ ಪುಡಿ ಅಂಟಿದ್ದು ಮೊದಲ ದಿನ ಬೆಳಗ್ಗೆಯೇ. ಹಸಿ, ಬೆಚ್ಚಗಿನ, ಸ್ವಲ್ಪ ಹುಳಿ ವಾಸನೆಯ ಪುಡಿ. ಗರಗಸ ಇಲ್ಲದೆ ಅದು ಬರೋಕೆ ಸಾಧ್ಯವೇ ಇಲ್ಲ. ಐವತ್ತು ವರ್ಷ ಅದನ್ನ ನಾನೇ ನನ್ನ ಬಾಯಲ್ಲಿ ಹೇಳಿಕೊಂಡು ಬಂದಿದ್ದೀನಿ, ನನಗೇ ಕೇಳಿಸಿಲ್ಲ. ಗಾಳಿಗೆ ಬಿತ್ತು ಅಂತ ಅಪ್ಪ ನನಗೆ ಹೇಳಿದರೋ, ನಾನೇ ಹಾಗೆ ಅಂದುಕೊಂಡೆನೋ, ಈಗ ಯಾರನ್ನ ಕೇಳೋಣ?

ನೀನು ಬಿಟ್ಟುಹೋದ ಪುಸ್ತಕಗಳಲ್ಲಿ ಬಾರ್ಟ್‌ಲೆಟ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗ ಓದಿದೆ. 1932ರಲ್ಲಿ ಅಚ್ಚಾಗಿದ್ದು. ದೂರದ ಯಾವುದೋ ಬುಡಕಟ್ಟಿನ ಕಥೆಯನ್ನ ಇಂಗ್ಲಿಷಿನವರಿಗೆ ಓದಿಸಿ, ಮತ್ತೆ ಮತ್ತೆ ಹೇಳಿಸಿದರಂತೆ. ಪ್ರತಿ ಸಲವೂ ಕಥೆ ಚಿಕ್ಕದಾಯಿತು, ಅರ್ಥವಾಗದ ಭಾಗ ಉದುರಿತು, ಸೀಲ್ ಬೇಟೆಗೆ ಹೋದವರು ಮೀನು ಹಿಡಿಯೋಕೆ ಹೋದವರಾದರು. ಯಾರೂ ಬೇಕಂತ ಸುಳ್ಳು ಹೇಳಲಿಲ್ಲ. ತಮಗೆ ಗೊತ್ತಿರುವ ಲೋಕಕ್ಕೆ ಕಥೆಯನ್ನ ಒಗ್ಗಿಸಿಕೊಂಡರು. ನಾನೂ ಅದನ್ನೇ ಮಾಡಿದ್ದು ಅಲ್ವಾ. ಅಪ್ಪ ಮರ ಕಡಿಸುವ ಲೋಕ ನನ್ನದಾಗಿರಲಿಲ್ಲ.

ಅವುಗಳಲ್ಲೇ ಓದಿದ ಇನ್ನೊಂದು ಕಥೆ ಇಟಲಿಯ ತೆರ್ನಿ ಊರಿನದು. ಅಲ್ಲಿ ಲುಯಿಜಿ ತ್ರಸ್ತುಲ್ಲಿ ಅನ್ನೋ ಉಕ್ಕಿನ ಕಾರ್ಖಾನೆಯ ಹುಡುಗ ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸತ್ತಿದ್ದು 1949ರ ಮಾರ್ಚಿನಲ್ಲಿ, ನ್ಯಾಟೋ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ. ದಶಕಗಳಾದ ಮೇಲೆ ಜನರ ಬಾಯಿಂದಲೇ ಇತಿಹಾಸ ಸಂಗ್ರಹಿಸುವ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅನ್ನುವವರು ಹೋಗಿ ಕೇಳಿದರೆ ಎಷ್ಟೋ ಜನ ಅದನ್ನ 1953ಕ್ಕೆ, ಕಾರ್ಖಾನೆಯಿಂದ ಸಾವಿರಾರು ಜನರನ್ನ ಕೆಲಸದಿಂದ ತೆಗೆದಾಗಿನ ಗಲಾಟೆಗೆ ಸೇರಿಸಿ ಹೇಳಿದರು. ಪೋರ್ತೆಲ್ಲಿ ಅದನ್ನ ಮುದುಕರ ಮರೆವು ಅಂತ ತಳ್ಳಿಹಾಕಲಿಲ್ಲ. ಅವರಿಗೆ ಹೆಚ್ಚು ನೋವಾದ ಜಾಗಕ್ಕೆ ಆ ಸಾವು ಸರಿದಿದೆ ಅಂದರು. ಆದರೆ ಒಂದು ವಿಷಯ ಗಮನಿಸು. 1949 ಅನ್ನೋ ದಾಖಲೆ ಪಕ್ಕದಲ್ಲಿ ಇದ್ದದ್ದಕ್ಕೇ ಅದು ಸರಿದಿದೆ ಅಂತ ಗೊತ್ತಾಗಿದ್ದು. ನಮ್ಮ ಮರಕ್ಕೆ ಮೂಲೆಮನೆ ಅಜ್ಜಿಯೇ ದಾಖಲೆ.

ಅದಕ್ಕೇ, ಇದನ್ನ ನಿಲ್ಲಿಸಬೇಡ. ನಾನು ಹಾಗೆ ಅಂದಿದ್ದನ್ನ ಮರೆತುಬಿಡು. ಆದರೆ ಒಂದೆರಡು ಬದಲಾಗಲಿ.

ಕುರ್ಚಿ ಸಾಲಾಗಿ ಹಾಕಬೇಡ, ಸುತ್ತ ಹಾಕು. ಸಾಲು ಹಾಕಿದರೆ ಹಿಂದೆ ಕೂತವರು ಮಾತಾಡಿದ್ದು ಆಕ್ಷೇಪಣೆಯ ಹಾಗೆ ಕೇಳುತ್ತದೆ. ಮೊರಾಕ್ಕೋ ದೇಶದ ಮರಾಕೇಶಿನ ಜೆಮಾ ಎಲ್ ಫ್ನಾ ಚೌಕದಲ್ಲಿ ಕಥೆಗಾರರ ಸುತ್ತ ಜನ ನಿಲ್ಲುವ ಗುಂಪಿಗೆ ಹೆಸರೇ ಹಲ್ಕಾ, ಅಂದರೆ ಬಳೆಯ ಹಾಗೆ ದುಂಡಗಿನದು. ಆ ಚೌಕದ ಬದುಕನ್ನೇ ಯುನೆಸ್ಕೋ 2001ರಲ್ಲಿ ಪರಂಪರೆ ಅಂತ ಗುರುತಿಸಿತು. ಕಟ್ಟಡವನ್ನಲ್ಲ ನೋಡು, ಮಾತನ್ನ.

ಒಬ್ಬರನ್ನೇ ನಿಲ್ಲಿಸಿ "ಹೇಳಿ" ಅನ್ನಬೇಡ. ನಿನ್ನ ಅಜ್ಜನ ಕ್ಯಾಸೆಟ್ ನೆನಪಿದೆಯಾ? ಹೊಸದಾಗಿ ಟೇಪ್ ರೆಕಾರ್ಡರ್ ತಂದಾಗ ಅಪ್ಪನನ್ನ ಅದರ ಮುಂದೆ ಕೂರಿಸಿ, ಹಳೇ ಕಾಲದ್ದು ಏನಾದರೂ ಹೇಳಿ ಅಂದಿದ್ದೆ. ಅವರು ಕಾಲರ್ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ತಮ್ಮ ಹೆಸರು, ಹುಟ್ಟಿದ ತಾರೀಖು, ಕೆಲಸಕ್ಕೆ ಸೇರಿದ ತಾರೀಖು ಹೇಳಿದರು. ಕೊನೆಗೆ "ಆಯ್ತಾ? ಆಫ್ ಮಾಡು." ಅಷ್ಟೇ ಇರುವುದು. ಅವರು ಕಥೆ ಹೇಳುತ್ತಿದ್ದಿದ್ದು ಸ್ನೇಹಿತರು ಜಗಲಿಗೆ ಬಂದಾಗ. ಒಬ್ಬರು ಶುರು ಮಾಡಿ, ಇನ್ನೊಬ್ಬರು "ಅಲ್ಲ ಮಾರಾಯ" ಅಂತ ತಿದ್ದಿ, ಮೂರನೆಯವರು ಮುಗಿಸುತ್ತಿದ್ದರು. ಆ ಜಗಲಿಯನ್ನ ನಾನು ಒಂದು ದಿನವೂ ರೆಕಾರ್ಡ್ ಮಾಡಲಿಲ್ಲ. ಅಮೆರಿಕದಲ್ಲಿ ಜನರ ಕಥೆಗಳನ್ನ ರೆಕಾರ್ಡ್ ಮಾಡಿಡೋಕೆ 2003ರಿಂದ ನಡೆಯುತ್ತಿರುವ ಸ್ಟೋರಿಕಾರ್ಪ್ಸ್‌ನವರು ಪರಿಚಯದ ಇಬ್ಬರನ್ನ 40 ನಿಮಿಷ ಎದುರುಬದುರು ಕೂರಿಸುತ್ತಾರೆ ಅಂತ ನೀನೇ ಹೇಳಿದ್ದೆ. ಅದು ಸರಿಯಾದ ದಾರಿ.

ಪ್ರತಿಯೊಬ್ಬರನ್ನೂ ಒಂದು ಮಾತು ಕೇಳು: ಕಣ್ಣಾರೆ ಕಂಡಿದ್ದಾ, ಕೇಳಿದ್ದಾ, ಆಗ ವಯಸ್ಸೆಷ್ಟು? ನಡುವಯಸ್ಸು ದಾಟಿದವರಿಗೆ ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದೇ ಜಾಸ್ತಿ ನೆನಪಿರುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಹಾಗಾಗಿ ನಮ್ಮಂಥವರು ಬಾಯಿ ಬಿಟ್ಟರೆ "ಆಗ ಬೀದಿ ಎಷ್ಟು ಚೆನ್ನಾಗಿತ್ತು" ಅನ್ನೋದೇ. ಬೀದಿ ಅಲ್ಲ, ಮಂಡಿ ಚೆನ್ನಾಗಿತ್ತು. ಆಗ ಬೀದಿ ಗುಡಿಸುತ್ತಿದ್ದವರನ್ನ, ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವರನ್ನ ಕರೆದು ಕೇಳು, ಚೆನ್ನಾಗಿತ್ತಾ ಅಂತ. ಶನಿವಾರ ಬಂದವರೆಲ್ಲ ಸ್ವಂತ ಮನೆ ಇದ್ದವರೇ, ಗಮನಿಸಿದೆಯಾ? ಹೊಸ ಅಪಾರ್ಟ್‌ಮೆಂಟಿನವರನ್ನೂ ಕರಿ. ಬಸ್ಸು ಯಾಕೆ ದೊಡ್ಡಮರ ಅನ್ನುತ್ತೆ ಅಂತ ಅವರಿಗೂ ಗೊತ್ತಾಗಲಿ.

ರೆಕಾರ್ಡ್ ಮಾಡು, ಆದರೆ ಕತ್ತರಿಸಬೇಡ. ಮಧ್ಯದ ಕೆಮ್ಮು, "ಅಲ್ಲ ಅಲ್ಲ", ನಾನು ಎದ್ದುಹೋದ ಚಪ್ಪಲಿ ಸದ್ದು, ಎಲ್ಲ ಇರಲಿ. ಹಿಂದೆ ಸಂಗೀತ ಹಾಕಿ ಎರಡು ನಿಮಿಷದ ವೀಡಿಯೊ ಮಾಡಿದರೆ ನನಗೆ ಸಿಟ್ಟು ಬರುತ್ತೆ, ಈಗಲೇ ಹೇಳಿದ್ದೀನಿ. ತಾರೀಖು, ಹೇಳಿದವರ ಹೆಸರು ಬರೆದಿಡು. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಅಜ್ಜನ ಕ್ಯಾಸೆಟ್ ಒಂದೇ ಇತ್ತು, ಈಗ ಟೇಪು ಅಂಟಂಟಾಗಿ ಅರ್ಧಕ್ಕೇ ನಿಲ್ಲುತ್ತೆ. ಮತ್ತೆ, ಹೊರಗೆ ಯಾರಿಗಾದರೂ ಕೇಳಿಸುವ ಮೊದಲು ಹೇಳಿದವರನ್ನೊಮ್ಮೆ ಕೇಳು. ಅಪ್ಪನ ಸಹಿಯ ವಿಷಯಕ್ಕೆ ನನ್ನ ಒಪ್ಪಿಗೆ ಇದೆ. ಅಜ್ಜಿ ತಮ್ಮ ಯಜಮಾನರ ವಿಷಯ ತಾವೇ ಹೇಳ್ತಾರಂತೆ.

ಅಪ್ಪನ ಮೇಲೆ ನನಗೆ ಕೋಪ ಇಲ್ಲ. ಎರಡು ದಿನ ಆ ಕಾಗದ ಎಲ್ಲಿಟ್ಟಿದ್ದರು ಅನ್ನೋದೇ ತಲೆಯಲ್ಲಿ ಸುತ್ತುತ್ತಿದೆ. ಕಪಾಟಿನಲ್ಲೋ, ದಿಂಬಿನ ಕೆಳಗೋ. ಕೇಪ್‌ಟೌನಿನ ಆ ಮನುಷ್ಯನೂ ಮನೆಗಳನ್ನ ಕೆಡವಿಸಿಯೇ ಹಲಗೆಗಳನ್ನ ಮನೆಗೆ ತಂದಿದ್ದು.

ಮುಂದಿನ ತಿಂಗಳು ನೀನು ಬಂದಾಗ ನಾನೇ ಶುರು ಮಾಡ್ತೀನಿ. ಬಿರುಗಾಳಿಯಿಂದ ಅಲ್ಲ, ಪುಡಿಯಿಂದ. ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲಿರುತ್ತಾರೆ, ತಪ್ಪಿದರೆ ಮೊಣಕೈಯಲ್ಲಿ ತಿವೀತೀನಿ ಅಂದಿದ್ದಾರೆ.

ನಿನ್ನ ನಕ್ಷೆ ಮೊನ್ನೆಯ ಮಳೆಗೆ ಅಳಿಸಿಹೋಯಿತು. ಆ ಮಂಡಿನೋವಿನವರು ಎಳೆದ ಗೆರೆ ಮಾತ್ರ ಸ್ವಲ್ಪ ಉಳಿದಿದೆ, ಒತ್ತಿ ಬರೆದಿದ್ದರಲ್ಲ. ಬರುವಾಗ ಸೀಮೆಸುಣ್ಣ ತಾ. ಬಿಳಿ ಒಂದೇ ಸಾಲದು, ಕೆಂಪೂ ಇರಲಿ. ಕಂಡಿದ್ದನ್ನ ಒಂದರಲ್ಲಿ, ಕೇಳಿದ್ದನ್ನ ಇನ್ನೊಂದರಲ್ಲಿ ಬರೆಯೋಣ.

ಇವತ್ತು ರಾತ್ರಿ ಫೋನ್ ಮಾಡು. ಸಿಗ್ನಲ್ ಇರುತ್ತೆ.

ನಿನ್ನ
ಅಪ್ಪ