‘ನಾಡದೊರೆ’ಯನ್ನು ಹೊಡೆದುಹಾಕು

ಕೋಡಿಬಾಗ, ಕಾರವಾರ

ಪ್ರೀತಿಯ ತಂಗಿ,

ನಿನ್ನ ಲೇಖನ ಬುಧವಾರ ಕೈಸೇರಿತು. ಅಂಕೋಲೆಯಿಂದ ಬರುವಾಗ ಮಳೆ ತಾಗಿ ಲಕೋಟೆಯ ಒಂದು ಮೂಲೆ ಒದ್ದೆಯಾಗಿತ್ತು, ಅಕ್ಷರಗಳಿಗೆ ಏನೂ ಆಗಿಲ್ಲ. ಎರಡು ಸಲ ಓದಿದೆ. ಕರ್ನಾಟಕದ ಮುಖ್ಯಮಂತ್ರಿಗಳನ್ನು ನಮ್ಮ ಜಿಲ್ಲೆಯ ಜಗಲಿಯಲ್ಲಿ ಕುಳಿತು ನೋಡಿ ಬರೆಯಬೇಕೆಂಬ ನಿನ್ನ ಹಟ ನನಗೆ ಬಹಳ ಹಿಡಿಸಿತು. ವಿಧಾನಸೌಧದ ಮೊಗಸಾಲೆಯಿಂದ ಬರೆದವರು ಬೇಕಾದಷ್ಟು ಜನರಿದ್ದಾರೆ. ಘಟ್ಟದ ಕೆಳಗಿನಿಂದ ಬರೆದವರು ಕಡಿಮೆ.

ಆದರೆ ಎಂಟು ಪುಟಗಳಲ್ಲಿ ‘ನಾಡದೊರೆ’ ಹನ್ನೊಂದು ಬಾರಿ ಬಂದಿದೆ. ‘ಗದ್ದುಗೆ’ ಆರು, ‘ಪಟ್ಟ’ ನಾಲ್ಕು. ಇನ್ನೊಂದೆಡೆ ಸೇತುವೆಯನ್ನು ಮುಖ್ಯಮಂತ್ರಿಗಳು ‘ಕರುಣಿಸಿದರು’ ಎಂದಿದ್ದೀಯ. ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ದಿನಬೆಳಗಾದರೆ ತಲೆಬರಹಗಳಲ್ಲಿ ಕಾಣುವ ಪದಗಳಿವು, ಕೈಗೆ ತಾವಾಗಿ ಬಂದುಬಿಡುತ್ತವೆ. ಆದರೂ ಅವುಗಳನ್ನು ತೆಗೆದುಹಾಕಬೇಕೆಂದು ಒತ್ತಾಯಿಸುತ್ತೇನೆ. ದೊರೆ ಎಂದ ಮೇಲೆ ಅವನ ಕೈಯಿಂದ ಬಂದದ್ದೆಲ್ಲ ದಾನವಾಗುತ್ತದೆ, ಬಾರದೆ ಉಳಿದದ್ದು ನಮ್ಮ ಹಣೆಬರಹವಾಗುತ್ತದೆ. ಓದುಗ ತನ್ನದೇ ರಾಜ್ಯದಲ್ಲಿ ಒಕ್ಕಲಾಗಿ ನಿಲ್ಲುತ್ತಾನೆ.

ಇದನ್ನು ನಾನು ತಡವಾಗಿ ಕಲಿತೆ. ಹೊಸದಾಗಿ ವರದಿ ಬರೆಯತೊಡಗಿದ್ದ ಕಾಲ. ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ, ಕಡಲದಂಡೆ ಬಿಟ್ಟುಬಂದ ಕುಟುಂಬಗಳು ಪರಿಹಾರಕ್ಕಾಗಿ ಅಲೆಯುತ್ತಿದ್ದವು. ಆಗಿನ ಮುಖ್ಯಮಂತ್ರಿ ಊರಿಗೆ ಬಂದಿದ್ದರು. ಪ್ರವಾಸಿ ಮಂದಿರದ ಜಗಲಿಯಲ್ಲಿ ಅಹವಾಲಿನ ಸಾಲು. ಮೀನು ಮಾರುವ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಿಂದ ಅರ್ಜಿ ತೆಗೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುಖ್ಯಮಂತ್ರಿಗಳು ಆಪ್ತ ಸಹಾಯಕರ ಕಡತದ ಮೇಲೆ ಅದನ್ನಿಟ್ಟು, ಎಡಗಡೆಯ ಅಂಚಿನಲ್ಲಿ ಷರಾ ಬರೆದರು: ‘ಪರಿಶೀಲಿಸಿ, ಮಂಡಿಸಿ’. ಕೆಳಗೆ ಚಿಕ್ಕ ಸಹಿ. ನಾನು ಒಂದು ಅಡಿ ದೂರದಲ್ಲಿ ನಿಂತು ಅದನ್ನು ಓದಿದ್ದೇನೆ. ಮರುದಿನ ನನ್ನ ವರದಿಯ ತಲೆಬರಹ ‘ನಿರಾಶ್ರಿತರಿಗೆ ಮುಖ್ಯಮಂತ್ರಿ ಅಭಯ’.

ವರ್ಷ ಕಳೆದ ಮೇಲೆ ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ಒಂದು ಕೈಯಲ್ಲಿ ಅರ್ಜಿಯ ಜೆರಾಕ್ಸ್ ಪ್ರತಿ, ಇನ್ನೊಂದರಲ್ಲಿ ನನ್ನ ವರದಿಯ ತುಣುಕು, ಮಡಿಕೆಯಲ್ಲಿ ಹರಿದದ್ದನ್ನು ಅನ್ನದ ಅಗುಳಿನಿಂದ ಅಂಟಿಸಿದ್ದಳು. ‘ನೀವೇ ಬರೆದಿದ್ದೀರಲ್ಲ, ಹಣ ಎಲ್ಲಿ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನೌಕಾನೆಲೆ ಕೇಂದ್ರದ ರಕ್ಷಣಾ ಸಚಿವಾಲಯದ್ದು. ಭೂಮಿ ಅಳೆದು ವಶಪಡಿಸಿಕೊಟ್ಟವರು ರಾಜ್ಯದ ಕಂದಾಯ ಅಧಿಕಾರಿಗಳು. ಪರಿಹಾರದ ಹಣ ಬರಬೇಕಾದದ್ದು ದಿಲ್ಲಿಯಿಂದ. ಮುಖ್ಯಮಂತ್ರಿಯ ಷರಾ ಒಂದು ಕಡತವನ್ನು ಅಲುಗಿಸಬಲ್ಲದು, ದಿಲ್ಲಿಗೆ ಒಂದು ಪತ್ರ ಹೊರಡಿಸಬಲ್ಲದು. ‘ಪರಿಶೀಲಿಸಿ’ ಎಂಬ ಪದಕ್ಕೆ ಪರಿಶೀಲಿಸಿ ಎಂದಷ್ಟೇ ಅರ್ಥ. ಕಣ್ಣಾರೆ ಓದಿದ್ದ ಪದವನ್ನು ನಾನು ಅಭಯ ಮಾಡಿದ್ದೆ. ಆ ಹೆಂಗಸು ಒಂದು ವರ್ಷ ನನ್ನ ಪದವನ್ನು ನಂಬಿ ಕಾದಿದ್ದಳು. ಈಗಲೂ ಆ ಅಂಟಿಸಿದ ಮಡಿಕೆ ನನ್ನ ಕಣ್ಣ ಮುಂದಿದೆ.

ಅದಕ್ಕೇ ನಿನಗೆ ಹೇಳುವುದು: ಪ್ರತಿ ವಾಕ್ಯದಲ್ಲಿ ಕ್ರಿಯಾಪದವನ್ನು ಹಿಡಿದು ನಿಲ್ಲಿಸಿ ಕೇಳು. ‘ಮಂಜೂರು ಮಾಡಿದರು’ ಎಂದರೆ ಸಂಪುಟ ಒಪ್ಪಿತೇ? ಆರ್ಥಿಕ ಇಲಾಖೆ ಸಹಮತಿ ಕೊಟ್ಟಿತೇ? ಸರ್ಕಾರಿ ಆದೇಶ ಹೊರಟಿತೇ? ಬಜೆಟ್ಟಿನಲ್ಲಿ ಅದಕ್ಕೆ ಲೆಕ್ಕಶೀರ್ಷಿಕೆ ಇದೆಯೇ? ಅಥವಾ ವೇದಿಕೆಯ ಮೇಲೆ ಆಡಿದ ಮಾತಷ್ಟೇ ಇದೆಯೇ? ಈ ಐದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. 2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗಲೂ ಊರಿನಲ್ಲಿ ಎಲ್ಲರೂ ‘ಸರ್ಕಾರ’ ಎಂಬ ಒಂದೇ ಪದದಿಂದ ಮಾತನಾಡಿದರು. ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಯಾವ ಸರ್ಕಾರ ಎಂದು ಬಿಡಿಸಿ ಬರೆಯುವುದು ನಮ್ಮ ಕೆಲಸ.

ಹುದ್ದೆಯ ಹೆಸರನ್ನೇ ನೋಡು. ಮುಖ್ಯಮಂತ್ರಿ, ಅಂದರೆ ಮಂತ್ರಿಗಳಲ್ಲಿ ಮುಖ್ಯ. ಸಂವಿಧಾನದ 163ನೇ ವಿಧಿ ಮಂತ್ರಿಮಂಡಲಕ್ಕೆ ಅವರನ್ನು ಮುಖ್ಯಸ್ಥರನ್ನಾಗಿ ಮಾಡುತ್ತದೆ. 164ನೇ ವಿಧಿಯ ಪ್ರಕಾರ ಅವರನ್ನು ನೇಮಿಸುವವರು ರಾಜ್ಯಪಾಲರು, ಉಳಿದ ಮಂತ್ರಿಗಳ ನೇಮಕ ಮುಖ್ಯಮಂತ್ರಿಯ ಸಲಹೆಯಂತೆ, ಮತ್ತು ಇಡೀ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ನಮ್ಮ ಸಭೆಯಲ್ಲಿ 224 ಸ್ಥಾನಗಳು, ಬಹುಮತಕ್ಕೆ 113. ದೊರೆಗೆ ಇಂಥ ಎಣಿಕೆಯ ಅಂಜಿಕೆ ಇರಲಿಲ್ಲ. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 19ರಂದು ಸದನದಲ್ಲಿ ಮಾತನಾಡಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಈ ಸಂಗತಿಗೆ ನೀನು ‘ಪಟ್ಟ ಕಳೆದುಕೊಂಡರು’ ಎಂದು ಬರೆದಿದ್ದೀಯ. ಸದನದ ವಿಶ್ವಾಸ ಸಿಗಲಿಲ್ಲ ಎಂದು ಬರೆ. ಆಗ ಓದುಗನಿಗೆ ಅಲ್ಲಿ ತನ್ನ ಶಾಸಕನೂ ಕೈಯೆತ್ತಲು ಕುಳಿತಿದ್ದ ಎಂಬುದು ಹೊಳೆಯುತ್ತದೆ.

ಎಸ್.ಆರ್. ಬೊಮ್ಮಾಯಿಯವರಿಗೆ ನೀನು ಎರಡೇ ಸಾಲು ಕೊಟ್ಟಿದ್ದೀಯ. ನಾನಾಗಿದ್ದರೆ ಒಂದು ಪುಟ ಕೊಡುತ್ತಿದ್ದೆ. ಅವರು ಮುಖ್ಯಮಂತ್ರಿಯಾಗಿದ್ದ 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಸದನ ಕರೆಯುತ್ತೇನೆ, ಅಲ್ಲಿಯೇ ಎಣಿಸೋಣ ಎಂದು ಬೊಮ್ಮಾಯಿ ಕೇಳಿದರು. ಅವಕಾಶ ಸಿಗಲಿಲ್ಲ, 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತವನ್ನು ಪರೀಕ್ಷಿಸಬೇಕಾದ ಜಾಗ ಸದನವೇ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ಅವರಿಗೆ ಕುರ್ಚಿ ಮರಳಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಬರುವುದು ಈ ಕನ್ನಡಿಗನ ಹೆಸರು. ಅಧಿಕಾರ ಕಳೆದುಕೊಂಡ ಒಬ್ಬ ಮುಖ್ಯಮಂತ್ರಿಯಿಂದ ಮುಂದಿನ ಎಲ್ಲ ಮುಖ್ಯಮಂತ್ರಿಗಳಿಗೂ ರಕ್ಷಣೆ ಸಿಕ್ಕಿತು. ಇಂಥ ಕಥೆ ನಿನ್ನ ಕೈಯಲ್ಲಿರುವಾಗ ಗದ್ದುಗೆಯ ಗುದ್ದಾಟ ಯಾಕೆ ಬೇಕು?

ರಾಮಕೃಷ್ಣ ಹೆಗಡೆಯವರ ಭಾಗ ಓದುವಾಗ ನನಗೆ ಸ್ವಲ್ಪ ದುಃಖವೂ ಆಯಿತು. ಸಿದ್ದಾಪುರದ ದೊಡ್ಮನೆಯವರು, ನಮ್ಮ ಜಿಲ್ಲೆಯ ಹೆಮ್ಮೆ, ಸರಿ. ಆ ಹೆಮ್ಮೆ ನನಗೂ ಇದೆ. ಆದರೆ ಹೆಮ್ಮೆಯ ಭರದಲ್ಲಿ ನೀನು ಅವರನ್ನು ಉತ್ಸವಮೂರ್ತಿ ಮಾಡಿದ್ದೀಯ. 1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಸ್ಥಾನ. ಹೊರಗಿನ ಬೆಂಬಲದ ಮೇಲೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ನಿಂತಿತು. ಮುಖ್ಯಮಂತ್ರಿಯಾದ ಹೆಗಡೆಯವರು ಆಗ ಶಾಸಕರೇ ಆಗಿರಲಿಲ್ಲ. ಆರು ತಿಂಗಳೊಳಗೆ ಗೆಲ್ಲಬೇಕೆಂಬ ನಿಯಮದಂತೆ ಕನಕಪುರದ ಉಪಚುನಾವಣೆಯಿಂದ ಸದನಕ್ಕೆ ಬಂದರು. 1984ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ ನಾಲ್ಕೇ ಸ್ಥಾನ ಸಿಕ್ಕಾಗ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. ಕಾನೂನು ಹಾಗೆ ಮಾಡೆಂದು ಹೇಳಿರಲಿಲ್ಲ, ಲೋಕಸಭೆಯ ಸೋಲು ವಿಧಾನಸಭೆಯ ವಿಶ್ವಾಸವನ್ನು ಮುಟ್ಟುವುದಿಲ್ಲ. 1985ರಲ್ಲಿ 139 ಸ್ಥಾನಗಳೊಂದಿಗೆ ಮರಳಿದರು. ಲೋಕಾಯುಕ್ತ ಕಾಯ್ದೆ, ಮಂಡಲ ಪಂಚಾಯಿತಿಗಳು ಆ ಕಾಲದವು. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟದ್ದೂ ಅವರೇ. ಈ ಕೊನೆಯ ಸಂಗತಿಯನ್ನು ನೀನು ಕೈಬಿಟ್ಟಿದ್ದೀಯ. ಸೇರಿಸು. ಅವರನ್ನು ಪ್ರೀತಿಸುವ ಶಿರಸಿ, ಸಿದ್ದಾಪುರದ ಓದುಗರಿಗೆ ಪೂರ್ತಿ ಮನುಷ್ಯನನ್ನು ತಾಳಿಕೊಳ್ಳುವ ಶಕ್ತಿ ಇದೆ.

ಇನ್ನೊಂದು ಸಣ್ಣ ತಿದ್ದುಪಡಿ. ‘ಮೊದಲಿನಿಂದಲೂ ಮೈಸೂರಿನ ಮುಖ್ಯಮಂತ್ರಿಗಳು ನಮ್ಮನ್ನು ಮರೆತರು’ ಎಂದಿದ್ದೀಯ. 1956ರ ಅಕ್ಟೋಬರ್ 31ರವರೆಗೆ ನಾವು ಮುಂಬಯಿ ರಾಜ್ಯದವರು, ಕಾರವಾರದವರಿಗೆ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ. ನವೆಂಬರ್ 1ರಂದು ಬೆಳಗಾಗುವಷ್ಟರಲ್ಲಿ ನಿಜಲಿಂಗಪ್ಪನವರು. ಇಲ್ಲಿಂದ ಮಾಜಾಳಿ ದಾಟಿ ಪೊಳೆಗೆ ಹೋದರೆ ಗೋವಾದಲ್ಲಿ ಇನ್ನೊಬ್ಬ ಮುಖ್ಯಮಂತ್ರಿ, 40 ಸ್ಥಾನಗಳ ಸಭೆ, 21ರ ಬಹುಮತ. ಗಡಿಯಲ್ಲಿ ಬೆಳೆದವರಿಗೆ ಇದು ಸಹಜವಾಗಿ ಗೊತ್ತಿರುತ್ತದೆ, ಬರೆಯುವಾಗ ಉಪಯೋಗಿಸಿಕೋ.

ಇಡೀ ಲೇಖನದಲ್ಲಿ ಜೀವ ಇರುವುದು ಆರನೇ ಪುಟದಲ್ಲಿ, ನಿನ್ನ ಅಜ್ಜ ‘ಇದು ದೇವರಾಜ ಅರಸು ಕೊಟ್ಟ ಗದ್ದೆ’ ಎಂದು ಹೇಳುವಲ್ಲಿ. ಅದನ್ನು ಮುಟ್ಟಬೇಡ. ಗೇಣಿ ಅಳೆದು ಕೊಟ್ಟು ಬಾಳಿದವರು ಹಾಗೆ ಹೇಳುವ ಹಕ್ಕನ್ನು ಗಳಿಸಿದ್ದಾರೆ, ಅವರ ಕೃತಜ್ಞತೆ ಅವರದು. ಆದರೆ ಮುಂದಿನ ಸಾಲು ನಿನ್ನದು. ಅಲ್ಲಿ ನೀನೂ ‘ಅರಸು ಕೊಟ್ಟರು’ ಎಂದು ಮುಂದುವರಿಸಿದ್ದೀಯ. ಉಳುವ ಗೇಣಿದಾರನಿಗೇ ಭೂಮಿ ಎಂಬ 1974ರ ಭೂಸುಧಾರಣಾ ತಿದ್ದುಪಡಿಯನ್ನು ಸದನ ಅಂಗೀಕರಿಸಿತು. ತಾಲ್ಲೂಕಿಗೆ ಭೂ ನ್ಯಾಯಮಂಡಳಿ ಬಂತು. ನಿನ್ನ ಅಜ್ಜ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಒಡೆಯರ ಎದುರು ನಿಂತು, ಉಳುತ್ತಿರುವವನು ನಾನೇ ಎಂದು ಸಾಕ್ಷಿ ನುಡಿದರು. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂಬುದನ್ನು ಅವರಿಂದಲೇ ಕೇಳಿ ಬರೆ. ಅರಸು ಅವರು ಮಾಡಿದ್ದು ಸಣ್ಣದಲ್ಲ, ಪ್ರಬಲರ ವಿರೋಧದ ನಡುವೆ ಆ ಕಾನೂನಿನ ಹಿಂದೆ ಸರ್ಕಾರವನ್ನು ನಿಲ್ಲಿಸಿದರು. ಅದನ್ನೂ ಬರೆ.

ಆ ಕಾಗದಗಳು ಅಟ್ಟದ ಟ್ರಂಕಿನಲ್ಲಿವೆ ಎಂದು ತಿಳಿಸಿದ್ದೀಯ. ಮಳೆ ಬಿಟ್ಟ ದಿನ ಕೆಳಗಿಳಿಸಿ, ಅಜ್ಜನ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಬಿಡಿಸಿ ನೋಡು. ಯಾರ ಮೊಹರು, ಯಾವ ತಾರೀಖು, ಅಜ್ಜನದು ಸಹಿಯೋ ಹೆಬ್ಬೆಟ್ಟೋ, ಎಲ್ಲವನ್ನೂ ಗುರುತು ಹಾಕಿಕೋ. ಆ ಪುಟವನ್ನು ಮೊದಲಿಗೆ ತಂದು, ಉಳಿದದ್ದನ್ನು ಮತ್ತೆ ಬರೆದು ಕಳಿಸು. ಚೌತಿಯವರೆಗೆ ನಾನು ಊರಲ್ಲೇ ಇರುತ್ತೇನೆ.

ನಿನ್ನ
ಅಣ್ಣ