ಶಿಲ್ಪದ ಕಲ್ಪಿತ ಪ್ರಾಣಿಗಳಿಗೆ ಏಕರೂಪದ ಟ್ಯಾಗ್ ಬೇಕು

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿನ ಶಿಲ್ಪಗಳ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಂತಹ ಮುಕ್ತ ಭಂಡಾರಕ್ಕೆ ಉಚಿತವಾಗಿ ಸೇರಿಸುತ್ತಿರುವ ಹವ್ಯಾಸಿ ಛಾಯಾಗ್ರಾಹಕರಿಗೆ ನಾಡು ಋಣಿಯಾಗಿರಬೇಕು. ಆದರೆ ಚಿತ್ರದಲ್ಲಿರುವ, ಸಿಂಹವನ್ನು ಹೋಲುವ ಕಲ್ಪಿತ ಪ್ರಾಣಿಗೆ ಒಬ್ಬರು ಯಾಳಿ ಎಂದೂ, ಮತ್ತೊಬ್ಬರು ವ್ಯಾಳ ಎಂದೂ, ಇನ್ನೊಬ್ಬರು ಬರೀ ಸಿಂಹವೆಂದೂ ಟ್ಯಾಗ್ (ಹುಡುಕಲು ನೆರವಾಗುವ ಗುರುತಿನ ಪದ) ಹಾಕಿದರೆ, ಹುಡುಕುವ ವಿದ್ಯಾರ್ಥಿಗೆ ಇರುವ ಚಿತ್ರಗಳಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಉಳಿದವು ಇದ್ದೂ ಇಲ್ಲದಂತಾಗುತ್ತವೆ. ಹಳೇಬೀಡಿನ ಹೊರಗೋಡೆಯ ಪಟ್ಟಿಕೆಯಲ್ಲಿ ಸಾಲುಗಟ್ಟಿರುವ ಕಲ್ಪಿತ ಜಲಚರವಾದ ಮಕರವನ್ನು ಮೊಸಳೆಯೆಂದು ಗುರುತಿಸಿಬಿಟ್ಟರೆ ಆ ಚಿತ್ರ ನಿಜವಾದ ಮೊಸಳೆಗಳ ನಡುವೆ ಹೋಗಿ ಸೇರುತ್ತದೆ.

ಹೆಸರು ಒಂದೇ ಆಗಿದ್ದು ರೂಪ ಬೇರೆಯಾದಾಗ ತೊಡಕು ಇನ್ನೂ ಹೆಚ್ಚು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೈಸೂರು ಅರಸರ ಲಾಂಛನದಿಂದ ಇಂದಿನ ರಾಜ್ಯ ಲಾಂಛನಕ್ಕೆ ಬಂದ ಗಂಡಭೇರುಂಡವಾದರೋ ಪೂರ್ತಿ ಹಕ್ಕಿ. ಅದೇ ಲಾಂಛನದ ಎರಡೂ ಬದಿಯಲ್ಲಿ ನಿಂತಿರುವ, ಸಿಂಹದ ಮೈ ಮತ್ತು ಆನೆಯ ಸೊಂಡಿಲುಳ್ಳ ಪ್ರಾಣಿಯನ್ನು ಶರಭವೆಂದು ಕರೆಯುತ್ತಾರೆ. ಗಜಕೇಸರಿ ಎನ್ನುವವರೂ ಇದ್ದಾರೆ. ತಮಿಳುನಾಡಿನ ಶೈವ ದೇವಾಲಯಗಳಲ್ಲಿ ನರಸಿಂಹನನ್ನು ಹಿಡಿದಿರುವ ರೆಕ್ಕೆಯ ಶರಭೇಶ್ವರನಿಗೂ ಈ ಪ್ರಾಣಿಗೂ ನೋಟದಲ್ಲಿ ಹೋಲಿಕೆಯೇ ಇಲ್ಲ. ಶರಭ ಎಂಬ ಒಂದೇ ಟ್ಯಾಗಿನಡಿ ಇವೆರಡನ್ನೂ ತುಂಬಿದರೆ ಶಿಲ್ಪದ ಬೆಳವಣಿಗೆಯನ್ನು ಅಭ್ಯಾಸ ಮಾಡುವವರಿಗೆ ಆ ಟ್ಯಾಗ್ ಯಾವ ನೆರವನ್ನೂ ನೀಡದು.

ಆದ್ದರಿಂದ ಪ್ರಾಣಿಯ ಹೆಸರು ಮತ್ತು ಕಣ್ಣಿಗೆ ಕಾಣುವ ರೂಪ, ಇವೆರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೆಸರಿನ ಬಗ್ಗೆ ಖಚಿತತೆ ಇಲ್ಲದವರು ಊಹೆಯ ಹೆಸರು ಬರೆಯುವ ಬದಲು 'ಕಲ್ಪಿತ ಪ್ರಾಣಿ' ಎಂಬ ವಿಶಾಲ ಟ್ಯಾಗ್ ಹಾಕಿ, ಸಿಂಹದ ಮೈ, ಆನೆಯ ಸೊಂಡಿಲು ಎಂದು ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ತಿಳಿದವರು ಮುಂದೆ ಹೆಸರು ಸೇರಿಸಬಲ್ಲರು. ಬೇಲೂರಿನ ಗಂಡಭೇರುಂಡ ಶಿಲ್ಪದಲ್ಲಿ ಒಂದು ಪ್ರಾಣಿಯನ್ನು ಇನ್ನೊಂದು ಹಿಡಿಯುತ್ತ ಹೋಗುವ ಸಾಲಿನೊಳಗೆ ಶರಭವೂ ಇದೆ. ಇಂತಹ ಕಡೆ ಎರಡಕ್ಕೂ ಪ್ರತ್ಯೇಕ ಟ್ಯಾಗ್ ಇರಲೇಬೇಕು.

ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಚಿತ್ರದಲ್ಲಿ ಕಾಣುವ ವಸ್ತುವನ್ನು ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದ ನಮೂದಿಗೆ ಜೋಡಿಸುವ ಸೌಲಭ್ಯ ಕಾಮನ್ಸ್‌ನಲ್ಲಿ 2019ರಿಂದಲೇ ಇದೆ. ವಿಕಿಡೇಟಾದಲ್ಲಿ ಪ್ರತಿ ನಮೂದಿಗೂ ಒಂದು ಸ್ಥಿರ ಸಂಖ್ಯೆಯಿದ್ದು, ಅದರಡಿ ಕನ್ನಡ, ತಮಿಳು, ಇಂಗ್ಲಿಷ್ ಹೆಸರುಗಳನ್ನೂ ಪರ್ಯಾಯ ಹೆಸರುಗಳನ್ನೂ ಸೇರಿಸಬಹುದಾದ ಕಾರಣ, ಯಾಳಿ ಎಂದು ಹುಡುಕಿದವರೂ ವ್ಯಾಳ ಎಂದು ಹುಡುಕಿದವರೂ ಒಂದೇ ನಮೂದಿಗೆ ಬಂದು ಸೇರುವಂತೆ ಮಾಡಲು ಸಾಧ್ಯವಿದೆ. ಆ ನಮೂದುಗಳಿಗೆ ಅಚ್ಚುಕಟ್ಟಾದ ಕನ್ನಡ ಹೆಸರು, ವಿವರಣೆ ಮತ್ತು ಒಂದೊಂದು ಮಾದರಿ ಚಿತ್ರ ಒದಗಿಸುವುದಷ್ಟೇ ಆಗಬೇಕಾದ ಕೆಲಸ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಪುರಾತತ್ತ್ವ ವಿಭಾಗಗಳು ಕನ್ನಡ ವಿಕಿಪೀಡಿಯದ ಸ್ವಯಂಸೇವಕರೊಂದಿಗೆ ಕುಳಿತು ಮಕರ, ಯಾಳಿ, ಶರಭ, ಗಂಡಭೇರುಂಡ ಮತ್ತು ದೇವಾಲಯದ ಕಮಾನುಗಳ ಮೇಲೆ ಕಾಣುವ ಉಗ್ರ ಮುಖವಾದ ಕೀರ್ತಿಮುಖ, ಇವುಗಳಿಂದ ಈ ಕೆಲಸವನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಶಿಲ್ಪಕಲೆಯಲ್ಲಿ ಆಸಕ್ತಿಯುಳ್ಳ ಓದುಗ, ಹಾಸನ