ಹಳೆಯ ಕಂಪ್ಯೂಟರ್‌ಗಳಲ್ಲೂ ಹೊಸ ಕರ್ನೆಲ್ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ, ಯಂತ್ರದ ಭಾಗಗಳನ್ನು ನಡೆಸುವ ಕರ್ನೆಲ್‌ನ ಹೊಸ ಆವೃತ್ತಿ ಸುಮಾರು 9–10 ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ 2 ವಾರ ಬದಲಾವಣೆಗಳನ್ನು ಸೇರಿಸಿಕೊಂಡ ಬಳಿಕ, ಸಾಮಾನ್ಯವಾಗಿ ಪ್ರತಿ ಭಾನುವಾರ ಅದರ ಸೃಷ್ಟಿಕರ್ತ ಲೈನಸ್ ಟೊರ್ವಾಲ್ಡ್ಸ್ ಅವರು ಒಂದೊಂದು ಪರೀಕ್ಷಾ ಆವೃತ್ತಿಯನ್ನು ಪ್ರಕಟಿಸುತ್ತಾರೆ. ಇಂಥ ಏಳೆಂಟು ಆವೃತ್ತಿಗಳಲ್ಲಿ ಮುಖ್ಯವಾಗಿ ದೋಷಗಳನ್ನು ತಿದ್ದಿದ ಮೇಲೆಯೇ ಅಂತಿಮ ಆವೃತ್ತಿಯ ಘೋಷಣೆ. ಸ್ವಯಂಚಾಲಿತ ಪರೀಕ್ಷೆಗಳು ಎಷ್ಟೇ ಇದ್ದರೂ ಜಗತ್ತಿನಲ್ಲಿರುವ ಎಲ್ಲ ಬಗೆಯ ವೈಫೈ ಚಿಪ್, ಗ್ರಾಫಿಕ್ಸ್ ಕಾರ್ಡ್‌ಗಳು ಯಾವ ಒಂದು ಕಂಪನಿಯ ಬಳಿಯೂ ಇರುವುದಿಲ್ಲ.

ತುಮಕೂರು ಜಿಲ್ಲೆಯ ಕಾಲೇಜುಗಳ ಕಂಪ್ಯೂಟರ್ ಪ್ರಯೋಗಾಲಯಗಳಲ್ಲಿ ಮೂಲೆ ಸೇರಿರುವ ಹಳೆಯ ಯಂತ್ರಗಳು ಇಲ್ಲಿಯೇ ಉಪಯೋಗಕ್ಕೆ ಬರುತ್ತವೆ. ಮುಖ್ಯವಾದ ಕಡತಗಳಿಲ್ಲದ ಒಂದು ಯಂತ್ರವನ್ನು ಪರೀಕ್ಷಾ ಆವೃತ್ತಿಗಳನ್ನು ಹಾಕಿ ನೋಡಲೆಂದೇ ಮೀಸಲಿಟ್ಟು, ಯಂತ್ರ ಶುರುವಾಗುವಾಗ ಆಯ್ಕೆ ಕೇಳುವ ಬೂಟ್ ಮೆನುವಿನಲ್ಲಿ ಹಳೆಯ ಕರ್ನೆಲ್ಲನ್ನೂ ಉಳಿಸಿಕೊಂಡರೆ ಅಪಾಯ ಕಡಿಮೆ. ಮೊದಲು ನಡೆಯುತ್ತಿದ್ದುದು ಹೊಸ ಆವೃತ್ತಿಯಲ್ಲಿ ನಿಲ್ಲಬಾರದೆಂಬುದು ಕರ್ನೆಲ್ ಬಳಗದ ಕಟ್ಟುನಿಟ್ಟಿನ ನಿಯಮ. ಹಾಗೆ ನಿಂತಲ್ಲಿ, ಬದಲಾವಣೆಗಳ ಸಾಲನ್ನು ಪ್ರತಿ ಸಲವೂ ಅರ್ಧಕ್ಕೆ ಸೀಳುತ್ತಾ ಹೋಗುವ ‘ಗಿಟ್ ಬೈಸೆಕ್ಟ್’ ವಿಧಾನದಿಂದ, 16 ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಪರೀಕ್ಷೆಗಳಲ್ಲಿ ಕಾರಣವಾದ ಒಂದನ್ನು ಹಿಡಿಯಬಹುದು. ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಂ ಓದಿ, ಒಮ್ಮೆಯೂ ಕರ್ನೆಲ್ ಕಂಪೈಲ್ ಮಾಡದೆ (ಅದರ ಮೂಲ ಸಂಕೇತವನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರದೆ) ಪದವಿ ಪಡೆಯುವವರೇ ನಮ್ಮಲ್ಲಿ ಹೆಚ್ಚೆನ್ನುವುದು ಬೇರೆ ಮಾತು. ಪ್ರಾಂಶುಪಾಲರು ಬರುವ ಸೆಮಿಸ್ಟರ್‌ನಿಂದಲೇ ಈ ಪರೀಕ್ಷೆಯನ್ನು ಪ್ರಾಜೆಕ್ಟ್ ಕೆಲಸವೆಂದು ಪರಿಗಣಿಸಿ ಅಂಕ ನೀಡುವ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ.

– ಓರ್ವ ಕಂಪ್ಯೂಟರ್ ಉಪನ್ಯಾಸಕ, ತುಮಕೂರು